ಔರಾದ್ ರೈತರಿಗೆ ಸರ್ಕಾರಿ ನೆರವು: ಹುಡುಕಾಟ ಪಹಣಿಯಿಂದ ಶುರುವಾಗಲಿ

ಬೀದರ್ ಜಿಲ್ಲೆಯ ಔರಾದ್ ರಾಜ್ಯದ ಉತ್ತರದ ತುತ್ತತುದಿಯ ತಾಲ್ಲೂಕು. ಬೆಂಗಳೂರಿನಲ್ಲಿ ಘೋಷಣೆಯಾದ ಯೋಜನೆ ಇಲ್ಲಿನ ಬದು ಮುಟ್ಟುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ ಎಂಬ ದೂರು ಹಳೆಯದು. ದೂರು ಸುಳ್ಳಲ್ಲ. ಆದರೂ ಯಾವ ಯೋಜನೆಗೆ ಅರ್ಜಿ ಹಾಕಲಿ ಎಂದು ಕೇಳುವ ಮೊದಲು ಪಹಣಿಯನ್ನು ಬಿಡಿಸಿ ನೋಡುವುದು ಜಾಣತನ.

ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಹೊಸ ಪ್ರತಿ ಪಡೆಯಿರಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ. ಅಲ್ಲಿ ‘ಶಿವರಾಜ ತಂದೆ ಬಸಪ್ಪ’ ಎಂದಿದ್ದು, ಆಧಾರ್‌ನಲ್ಲಿ ‘ಶಿವರಾಜಕುಮಾರ’ ಎಂದಿದ್ದರೆ ತಕರಾರು ಅಲ್ಲಿಂದಲೇ ಶುರು. ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಬೇಕು; ಮರಣ ಪ್ರಮಾಣಪತ್ರ, ವಂಶವೃಕ್ಷ ಸಿದ್ಧವಿರಲಿ. 11ನೇ ಕಾಲಂನಲ್ಲಿ ತೀರಿಸಿದ ಸಾಲ ಹಾಗೆಯೇ ಉಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪಹಣಿ ಸರಿಯಾದ ಮೇಲೆ ರೈತರ ವಿವರ ದಾಖಲಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿ. ಇದರಿಂದ ಸಿಗುವ ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಇಲ್ಲದೆ ರಿಯಾಯಿತಿ ದರದ ಸೋಯಾ ಬೀಜ ಕೊಳ್ಳುವುದೂ ಕಷ್ಟ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕ ತೋರಿಸಿ ನೋಂದಾಯಿಸಿಕೊಳ್ಳಬಹುದು. ಪರಿಶಿಷ್ಟರು ಜಾತಿ ಪ್ರಮಾಣಪತ್ರವನ್ನೂ ಒಯ್ಯಲಿ, ಏಕೆಂದರೆ ಸಹಾಯಧನದ ಪ್ರಮಾಣವೇ ಬದಲಾಗುತ್ತದೆ. ಬೇರೆ ಬೇರೆ ಸರ್ವೆ ನಂಬರಿನಲ್ಲಿ ಹೊಲವಿದ್ದರೆ ಎಲ್ಲವೂ ಒಂದೇ ಎಫ್‌ಐಡಿಗೆ ಸೇರಿವೆಯೇ ಎಂದು ಪರದೆಯಲ್ಲೇ ಪರಿಶೀಲಿಸಿ. ಬಿಟ್ಟುಹೋದ ನಂಬರಿನ ಬೆಳೆ ಹಾಳಾದರೆ ಪರಿಹಾರದ ಲೆಕ್ಕಕ್ಕೆ ಅದು ಬರುವುದಿಲ್ಲ.

ಇನ್ನು ಯಾವ ಬಾಗಿಲು ತಟ್ಟಬೇಕು? ಬೀಜ, ಯಂತ್ರೋಪಕರಣ, ಕೃಷಿ ಭಾಗ್ಯ ಯೋಜನೆಯ ಹೊಂಡ, ತೊಗರಿ ಮತ್ತು ಕಡಲೆಗೆ ತುಂತುರು ನೀರಾವರಿ, ಇವೆಲ್ಲ ರೈತ ಸಂಪರ್ಕ ಕೇಂದ್ರದ ವ್ಯಾಪ್ತಿ. ಹಣ್ಣು, ತರಕಾರಿಗೆ ಹನಿ ನೀರಾವರಿ ಬೇಕಾದರೆ ತೋಟಗಾರಿಕೆ ಇಲಾಖೆ. ಗಂಗಾ ಕಲ್ಯಾಣ ಯೋಜನೆಯ ಕೊಳವೆಬಾವಿಗೆ ಕೃಷಿ ಇಲಾಖೆಯಲ್ಲಿ ನಿಂತು ಪ್ರಯೋಜನವಿಲ್ಲ, ಅದು ಆಯಾ ಸಮುದಾಯದ ಅಭಿವೃದ್ಧಿ ನಿಗಮದ ಕೆಲಸ. ಅಂಗಡಿಯವರ ಮಾತು ನಂಬಿ ಮೊದಲೇ ಯಂತ್ರ ಕೊಂಡು ರಸೀದಿ ಹಿಡಿದು ಹೋಗಬೇಡಿ; ಅರ್ಜಿ ಮಂಜೂರಾಗಿ ಆದೇಶ ಕೈಗೆ ಬಂದ ಬಳಿಕವೇ ಖರೀದಿ. ಅನುದಾನ ಸೀಮಿತವಾಗಿರುವುದರಿಂದ ಆರ್ಥಿಕ ವರ್ಷದ ಆರಂಭದಲ್ಲೇ ವಿಚಾರಿಸಿದರೆ ಲೇಸು, ಮಾರ್ಚ್‌ನಲ್ಲಿ ಹೋದರೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರವೇ ಸಿಗುವ ಸಾಧ್ಯತೆ ಹೆಚ್ಚು.

ಫಸಲ್ ಬಿಮಾ ವಿಮೆಯಲ್ಲಿ ರೈತರ ಪಾಲು ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5. ಕೊನೆಯ ದಿನ ಬೆಳೆಯಿಂದ ಬೆಳೆಗೆ ಬೇರೆ. ವಿಮೆಗೆ ತೊಗರಿ ಎಂದು ಬರೆಸಿ, ಬೆಳೆ ಸಮೀಕ್ಷೆಯಲ್ಲಿ ಅದೇ ಹೊಲ ಸೋಯಾ ಎಂದು ದಾಖಲಾದರೆ ಪರಿಹಾರಕ್ಕೆ ಕುತ್ತು. ಆದ್ದರಿಂದ ಸಮೀಕ್ಷೆಯ ಆ್ಯಪ್‌ನಲ್ಲಿ ಫೋಟೊವನ್ನು ನೀವೇ ಹಾಕುವುದು ಒಳ್ಳೆಯದು. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಬರಗಾಲದ ನಷ್ಟಕ್ಕೆ ಪ್ರತ್ಯೇಕ ದೂರು ಬೇಡ. ಅದನ್ನು ಬೆಳೆ ಕಟಾವು ಪ್ರಯೋಗದಲ್ಲಿ (ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ಅಳೆಯುವುದು) ಸಿಕ್ಕ ಇಳುವರಿಯಿಂದ ನಿರ್ಧರಿಸುತ್ತಾರೆ.

ಊರಿಂದ ಹೋಬಳಿಗೆ ಬಸ್ ಹಿಡಿಯುವ ಮುನ್ನ ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಕರೆ ಮಾಡಿ ವಿಚಾರಿಸಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಗಡಿಯಾಚೆ ಮಹಾರಾಷ್ಟ್ರದ ದೇಗಲೂರು, ಉದಗೀರ ಕಡೆಗೂ ಹೊಲವಿರುವವರಿಗೆ ಇನ್ನೊಂದು ಓಡಾಟ ತಪ್ಪಿದ್ದಲ್ಲ. ಆ ಜಮೀನು ನಮ್ಮ ರಾಜ್ಯದ ಪಹಣಿಗಳಿರುವ ‘ಭೂಮಿ’ ತಂತ್ರಾಂಶದಲ್ಲಿ ಇರುವುದಿಲ್ಲ. ಆ ಊರಿನ ಗ್ರಾಮ ಲೆಕ್ಕಿಗನಾದ ತಲಾಠಿಯಿಂದ ಪಹಣಿಯಂಥದೇ ದಾಖಲೆಯಾದ ಸಾತ್‌ಬಾರಾ ಪಡೆದು ಅಲ್ಲಿನ ಕೃಷಿ ಕಚೇರಿಯಲ್ಲೇ ವಿಚಾರಿಸಬೇಕು. ಎರಡು ರಾಜ್ಯಗಳಲ್ಲಿ ಹೊಲವಿದೆ ಎಂದು ಪಿಎಂ ಕಿಸಾನ್‌ನ ವರ್ಷದ ₹6,000 ಮಾತ್ರ ಎರಡು ಸಲ ಬರುವುದಿಲ್ಲ, ಅದು ಕುಟುಂಬಕ್ಕೆ ಒಂದೇ.