ಎಸ್‌ಐಎಲ್ ಅಂದರೆ ನಾದಿನಿಯೋ, ಅತ್ತಿಗೆಯೋ?

ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳಿಗೆ ಹೆರಿಗೆಯೂ ಅಲ್ಲೇ ಆಯಿತು. ಅಮ್ಮನಿಗೆ ಮಂಡಿನೋವು, ಅಷ್ಟು ದೂರ ಹೋಗಲು ಆಗಲಿಲ್ಲ. ಮಗಳ ಬಾಣಂತನ ಮಾಡಲಾಗಲಿಲ್ಲ ಅನ್ನುವ ಸಂಕಟ ಅಮ್ಮನನ್ನು ಎಷ್ಟು ಕಾಡಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆ ಮೂರು ತಿಂಗಳು ಅಮ್ಮ ಹಾಸನದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಎದ್ದ ತಕ್ಷಣ ಮೊದಲ ಮಾತೇ, ‘ಏನಾದ್ರೂ ಬರೆದಿದ್ದಾಳಾ ನೋಡೇ.’

ತಂಗಿ ಬರೆಯುತ್ತಿದ್ದಳು. ಅವಳ ಜೊತೆಜೊತೆಗೇ ಹೆತ್ತ ನಾಲ್ಕೈದು ಗೆಳತಿಯರು ಅಲ್ಲಿದ್ದರು. ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ, ಒಂದೇ ಕೈಯಲ್ಲಿ, ಅವರಿಗೆ ಇಂಗ್ಲಿಷಿನಲ್ಲಿ ಬರೆದದ್ದನ್ನೇ ನನಗೂ ಕಳಿಸುತ್ತಿದ್ದಳು. ಎರಡೆರಡು ಸಲ ಬರೆಯಲು ಬಾಣಂತಿಗೆ ಹೊತ್ತೆಲ್ಲಿ? ಚಳಿಗಾಲದಲ್ಲಿ ಅಲ್ಲಿ ರಾತ್ರಿ 2 ಗಂಟೆ ಅಂದರೆ ನಮಗೆ ಬೆಳಿಗ್ಗೆ 7.30. ನಾನು ಒಲೆ ಮುಂದೆ ನಿಂತು ದೋಸೆ ಹುಯ್ಯುತ್ತಾ ಓದಿ, ಕನ್ನಡ ಮಾಡಿ ಹೇಳಬೇಕು. ಅಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೇಳಬೇಕು. ಇದು ದಿನಚರಿಯಾಯಿತು.

ಇಂಗ್ಲಿಷ್ ನನಗೆ ಬರುತ್ತದೆ. ಆದರೂ ಮೊದಲ ವಾರ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ‘ಡಿಎಚ್‌ಗೆ ಸೋಮವಾರದಿಂದ ಕೆಲಸ’, ‘ಡಿಡಿ ಇಡೀ ರಾತ್ರಿ ಅತ್ತಳು’, ‘ಎಲ್‌ಒ ತೂಕ ಜಾಸ್ತಿ ಆಗಿದೆ’. ನನಗೆ ಗೊತ್ತಿದ್ದ ಡಿಡಿ ಬ್ಯಾಂಕಿನಲ್ಲಿ ತೆಗೆಸುವ ಡಿಡಿ. ಡಿಸಿ ಅಂದರೆ ಜಿಲ್ಲಾಧಿಕಾರಿ. ಅವಳ ಬರಹದಲ್ಲಿ ಡಿಸಿ ಅಂದರೆ ಮಕ್ಕಳು!

ಕೇಳಿ ಕೇಳಿ ತಿಳಿದುಕೊಂಡೆ. ಮೊದಲಿನ ‘ಡಿ’ ಅಂದರೆ ಡಿಯರ್ ಅಥವಾ ಡಾರ್ಲಿಂಗ್, ನಮ್ಮ ‘ಮುದ್ದಿನ’ ಇದ್ದ ಹಾಗೆ. ಡಿಎಚ್ ಗಂಡ, ಡಿಡಿ ಮಗಳು, ಡಿಎಸ್ ಮಗ, ಡಿಎಂ ತಾಯಿ. ಇಬ್ಬರು ಹೆಣ್ಣುಮಕ್ಕಳಿದ್ದರೆ ಡಿಡಿ1, ಡಿಡಿ2. ಎಲ್‌ಒ ಅಂದರೆ ಲಿಟಲ್ ಒನ್, ನಮ್ಮ ಪಾಪು. ಅಲ್ಲಿನ ತಾಯಂದಿರು ಮನೆಯವರ ಹೆಸರನ್ನು ಎಲ್ಲರೆದುರು ಹೇಳಲು ಇಷ್ಟಪಡುವುದಿಲ್ಲವಂತೆ. ಒಂದೇ ಕೈಯಲ್ಲಿ ಟೈಪ್ ಮಾಡಲೂ ಇದು ಸುಲಭ. ಅಮ್ಮನಿಗೆ ಇದು ಚೂರೂ ವಿಚಿತ್ರ ಅನ್ನಿಸಲಿಲ್ಲ. ಅಮ್ಮ ಒಂದು ದಿನವೂ ಅಪ್ಪನ ಹೆಸರು ಹಿಡಿದು ಕರೆದವಳಲ್ಲ. ‘ನಮ್ಮನೆಯವರು’ ಅಂದರೆ ಮುಗಿಯಿತು. ಹಾಗಾಗಿ ಡಿಎಚ್ ಬಂದ ಕಡೆಯೆಲ್ಲ ‘ನಮ್ಮನೆಯವರು’ ಅಂತಲೇ ಓದಿದೆ, ಸರಿಯಾಗಿ ಹೊಂದಿತು.

ಡಿಪಿ ಬಂದಾಗ ಸ್ವಲ್ಪ ತಡವರಿಸಿದೆ. ಡಿಯರ್ ಪಾರ್ಟ್ನರ್. ಗೆಳತಿಯೊಬ್ಬಳ ವಿಷಯ ಅದು. ‘ಅವಳ ಸಂಗಾತಿ’ ಅಂದೆ.

‘ಮದುವೆ ಆಗಿಲ್ವಾ?’

‘ಇಲ್ಲಮ್ಮ, ಜೊತೆಗಿದ್ದಾರೆ.’

ಅಮ್ಮ ಒಂದು ಗಳಿಗೆ ಸುಮ್ಮನಿದ್ದು, ‘ಸರಿ, ಆ ಮಗುಗೆ ಜ್ವರ ಬಿಡ್ತಾ?’ ಅಂತ ಕೇಳಿದಳು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ತೊಡಕು ಶುರುವಾಗಿದ್ದು ಮದುವೆಯಿಂದ ಬಂದ ನೆಂಟಸ್ತಿಕೆಗಳಲ್ಲಿ. ಕೊನೆಯ ‘ಐಎಲ್’ ಅಂದರೆ ಇನ್ ಲಾ. ಎಂಐಎಲ್ ಅತ್ತೆ, ಎಫ್‌ಐಎಲ್ ಮಾವ, ಡಿಐಎಲ್ ಸೊಸೆ. ಇವು ಸುಲಭ. ಬಿಐಎಲ್, ಬ್ರದರ್ ಇನ್ ಲಾ ಅಂದರೆ? ಗಂಡನ ಅಣ್ಣ ಭಾವ, ಗಂಡನ ತಮ್ಮ ಮೈದುನ, ಅಕ್ಕನ ಗಂಡನೂ ಭಾವ. ಹೆಂಡತಿಯ ಅಣ್ಣತಮ್ಮಂದಿರು ಭಾವಮೈದುನರು, ಹೆಂಡತಿಯ ಅಕ್ಕತಂಗಿಯರ ಗಂಡಂದಿರು ಷಡ್ಡಕರು. ಇವರೆಲ್ಲರಿಗೂ ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಎಸ್‌ಐಎಲ್, ಅಂದರೆ ಸಿಸ್ಟರ್ ಇನ್ ಲಾ, ಇನ್ನೂ ಕಷ್ಟ. ನಾದಿನಿ, ಅತ್ತಿಗೆ, ಓರಗಿತ್ತಿ, ಯಾರು ಬೇಕಾದರೂ ಆಗಬಹುದು. ನಮ್ಮಜ್ಜಿ ಓರಗಿತ್ತಿಯನ್ನು ನೆಗೆಣ್ಣಿ ಅನ್ನುತ್ತಿದ್ದಳು. ಕೆಲವರು ಇದೇ ಎಸ್‌ಐಎಲ್ ಅನ್ನು ಅಳಿಯನಿಗೂ ಬಳಸುತ್ತಾರೆ, ಸನ್ ಇನ್ ಲಾ ಅಂತ.

ನಾನು ತಪ್ಪಿದ್ದು ಇಲ್ಲೇ. ಒಂದು ಬೆಳಿಗ್ಗೆ ಬಂದ ಬರಹದಲ್ಲಿ ಹೀಗಿತ್ತು: ‘ಎಸ್‌ಐಎಲ್ ಬಂದಿದ್ದಳು. ಒಂದು ಲೋಟ ನೀರೂ ಕೊಡಲಿಲ್ಲ. ಮಗು ಇಷ್ಟೊಂದು ಅಳುತ್ತಲ್ಲ, ನಿನಗೆ ಹಾಲು ಸಾಲದೇನೋ ಅಂತ ಹೇಳಿ ಹೋದಳು.’ ತಂಗಿಯ ನಾದಿನಿ ಅಲ್ಲೇ ಓದುತ್ತಿದ್ದಾಳೆ. ನಾನು ಹಿಂದೆಮುಂದೆ ನೋಡದೆ ‘ನಾದಿನಿ’ ಅಂತ ಓದಿಬಿಟ್ಟೆ. ಬಾಣಂತಿಗೆ ‘ಹಾಲು ಸಾಲದು’ ಅಂದರೆ ಎಂಥ ಮಾತು ಅಂತ ಹೆತ್ತವರಿಗೆ ಗೊತ್ತು. ಅಮ್ಮನ ಕಣ್ಣು ತುಂಬಿತು. ನಾನು ಕೆಲಸಕ್ಕೆ ಹೋದ ಮೇಲೆ ಚಿಕ್ಕಮಗಳೂರಿನ ಬೀಗಿತ್ತಿಗೆ ಫೋನ್ ಮಾಡಿ, ‘ನಿಮ್ಮ ಮಗಳು ಹಿಂಗಂದ್ಲಂತೆ’ ಅಂತ ಹೇಳಿಯೇಬಿಟ್ಟಳು.

ಸಂಜೆ ತಂಗಿಯ ಫೋನ್ ಬಂತು. ‘ಅಕ್ಕ, ಏನ್ ಮಾಡಿದ್ರಿ ನೀವು? ಅದು ನನ್ನ ಮಾತೇ ಅಲ್ಲ!’ ಅದು ಅವಳ ಗೆಳತಿ ಬರೆದದ್ದು. ತಂಗಿ ಸುಮ್ನೆ ಮುಂದಕ್ಕೆ ಕಳಿಸಿದ್ದಳು. ಆ ಎಸ್‌ಐಎಲ್ ಗೆಳತಿಯ ಅಣ್ಣನ ಹೆಂಡತಿ. ಅಂದರೆ ಅತ್ತಿಗೆ, ಅದೂ ಬೇರೆಯವರ ಅತ್ತಿಗೆ. ನಮ್ಮ ತಂಗಿಯ ನಾದಿನಿ ಶನಿವಾರ ಶನಿವಾರ ರೈಲು ಹತ್ತಿ ಬಂದು, ಮೆಣಸಿನ ಸಾರು ಮಾಡಿಟ್ಟು, ಬೆಳ್ಳುಳ್ಳಿ ಹುರಿದು ಡಬ್ಬಿಗೆ ತುಂಬಿ, ಎರಡು ರಾತ್ರಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಂಗಿಗೆ ನಿದ್ದೆ ಮಾಡಲು ಬಿಡುತ್ತಿದ್ದಳಂತೆ. ತಂಗಿಯ ಯಜಮಾನರ ಎರಡು ವಾರದ ರಜೆ ಮುಗಿದ ಮೇಲೆ ಅವಳಿಗೆ ಆಸರೆಯಾಗಿದ್ದೇ ಆ ಹುಡುಗಿ.

ಅವತ್ತು ನನಗೆ ಊಟ ಸೇರಲಿಲ್ಲ. ಭಾನುವಾರ ಅಮ್ಮನನ್ನು ಕರೆದುಕೊಂಡು ಬೇಲೂರು ಮೇಲೆ ಹೋಗುವ ಬಸ್ ಹತ್ತಿ ಚಿಕ್ಕಮಗಳೂರಿಗೆ ಹೋದೆ. ಬೀಗಿತ್ತಿಯ ಮುಂದೆ ಕೂತು, ‘ತಪ್ಪು ನಂದು ಅತ್ತೆ, ಮೂರಕ್ಷರ ಓದಿ ಒಂದು ಹೆಸರು ಕಟ್ಟಿದೆ’ ಅಂದೆ. ಅವರು ಬೇಜಾರು ಮಾಡಿಕೊಂಡಿದ್ದರು, ಮುಚ್ಚಿಡಲೂ ಇಲ್ಲ. ಕಾಫಿ ಕೊಟ್ಟರು. ಆ ಬರಹವನ್ನು ಪೂರ್ತಿ ಓದಿ ಹೇಳು ಅಂದರು. ಓದಿ ಹೇಳಿದೆ.

ಮನೆಗೆ ಬಂದು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದೆ. ಮೊದಲು ಅಕ್ಷರ ಹಿಡಿದು ಪಟ್ಟಿ ಮಾಡಿದೆ, ಎ ಬಿ ಸಿ ಡಿ ಪ್ರಕಾರ. ಅದು ಕೆಲಸಕ್ಕೆ ಬರಲಿಲ್ಲ. ಎಸ್‌ಐಎಲ್ ಎದುರಿಗೆ ಐದು ಪದ ಬರೆದರೆ ಯಾವುದನ್ನು ಆರಿಸುವುದು? ಆಮೇಲೆ ಜನರನ್ನು ಹಿಡಿದು ಬರೆದೆ. ಒಬ್ಬೊಬ್ಬ ಗೆಳತಿಗೆ ಒಂದೊಂದು ಪುಟ. ನಡುವೆ ಅವಳು, ಬಲಕ್ಕೆ ಗಂಡನ ಕಡೆಯವರು, ಎಡಕ್ಕೆ ತವರಿನವರು. ಅವಳಿಗಿಂತ ದೊಡ್ಡವರು ಮೇಲೆ, ಚಿಕ್ಕವರು ಕೆಳಗೆ. ಗೊತ್ತಿಲ್ಲದ್ದನ್ನು ತಂಗಿಯನ್ನು ಕೇಳಿ ತುಂಬಿಸಿದೆ.

ಹೀಗೆ ಬರೆಯುವಾಗ ನಾನು ಯಾವಾಗಲೂ ಮೂರೇ ಪ್ರಶ್ನೆ ಕೇಳುತ್ತಿದ್ದೇನೆ ಅಂತ ಗೊತ್ತಾಯಿತು. ಇದು ಯಾರ ಮಾತು? ಇವರು ಗಂಡನ ಕಡೆಯವರೋ, ತವರಿನವರೋ? ದೊಡ್ಡವರೋ, ಚಿಕ್ಕವರೋ? ಈ ಮೂರಕ್ಕೂ ಉತ್ತರ ಸಿಕ್ಕಿದರೆ ಕನ್ನಡ ಪದ ತಾನಾಗಿ ಬಾಯಿಗೆ ಬರುತ್ತದೆ. ಸಿಗದಿದ್ದರೆ ನಾನು ಊಹಿಸಲು ಹೋಗುವುದಿಲ್ಲ. ‘ಗಂಡನ ಕಡೆಯ ಯಾರೋ ಹೆಂಗಸು, ಯಾರು ಅಂತ ಬರೆದಿಲ್ಲ’ ಅಂತಲೇ ಅಮ್ಮನಿಗೆ ಹೇಳುತ್ತೇನೆ. ಉದ್ದವಾದರೂ ಚಿಂತೆಯಿಲ್ಲ. ಇಬಿಎಫ್ ಥರದ್ದಕ್ಕೂ ಇದೇ ಪದ್ಧತಿ. ಬರೀ ಎದೆಹಾಲು ಕೊಡುವುದಕ್ಕೂ ಇಬಿಎಫ್, ವರ್ಷ ದಾಟಿದರೂ ಎದೆಹಾಲು ಮುಂದುವರಿಸುವುದಕ್ಕೂ ಇಬಿಎಫ್. ಮಗುವಿಗೆ ಎಷ್ಟು ತಿಂಗಳು ಅಂತ ನೋಡಿಕೊಂಡೇ ಓದಬೇಕು.

ನಮ್ಮ ಪದಗಳಲ್ಲಿ ಗೊಂದಲವೇ ಇಲ್ಲ ಅಂತ ಅಲ್ಲ. ಹೆರಿಗೆಗೆ ಮುಂಚೆ ಅಲ್ಲಿನ ಸೂಲಗಿತ್ತಿ ನರ್ಸ್, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದ್ದರು. ತಂಗಿ ಅಮ್ಮನನ್ನು ಕೇಳಿದಳು. ‘ಅತ್ತೆಗಿತ್ತು ಕಣೇ’ ಅಂದಳು ಅಮ್ಮ. ಅಮ್ಮನಿಗೆ ಅತ್ತೆ ಅಂದರೆ ನಮ್ಮಜ್ಜಿ. ತಂಗಿಗೆ ಅತ್ತೆ ಅಂದರೆ ಅಪ್ಪನ ತಂಗಿ. ಅವಳು ಅಲ್ಲಿ ಆಂಟ್ ಅಂತ ಬರೆಸಿ ಬಂದಿದ್ದಳು. ಆಮೇಲೆ ಗ್ರಾಂಡ್‌ಮದರ್ ಅಂತ ತಿದ್ದಿಸಬೇಕಾಯಿತು. ಗಂಡನ ತಾಯಿ, ಅಪ್ಪನ ಅಕ್ಕತಂಗಿಯರು, ಸೋದರಮಾವನ ಹೆಂಡತಿ, ಎಲ್ಲರೂ ನಮಗೆ ಅತ್ತೆಯೇ. ನಮ್ಮ ಕಡೆ ಸೋದರತ್ತೆ ಮಗನಿಗೋ ಸೋದರಮಾವನ ಮಗನಿಗೋ ಹೆಣ್ಣು ಕೊಡುವುದು ಹಿಂದಿನಿಂದ ಬಂದ ರೂಢಿ. ಹಾಗೆ ಮದುವೆಯಾದರೆ ಮೊದಲೇ ಅತ್ತೆಯಾಗಿದ್ದವರು ಮತ್ತೆ ಅತ್ತೆಯೇ ಆಗುತ್ತಾರೆ. ಒಂದೇ ಪದ ಸಾಕಾಗುತ್ತಿತ್ತು. ಅದಕ್ಕೇ ನೋಟ್‌ಬುಕ್ಕಿನಲ್ಲಿ ಬರೀ ‘ಅತ್ತೆ’ ಅಂತ ಬರೆಯುವುದನ್ನು ಬಿಟ್ಟೆ. ಸೋದರತ್ತೆ, ಗಂಡನ ತಾಯಿ ಅಂತ ಬಿಡಿಸಿ ಬರೆಯುತ್ತೇನೆ.

ತಂಗಿಯೂ ಬದಲಾಯಿಸಿಕೊಂಡಳು. ಬೇರೆಯವರದನ್ನು ಕಳಿಸುವಾಗ ಮೊದಲ ಸಾಲಿನಲ್ಲೇ ‘ಇದು ಗೆಳತಿಯದು’ ಅಂತ ಹಾಕುತ್ತಾಳೆ. ಇಂಗ್ಲಿಷಿನ ನಡುವೆಯೇ ನಾದಿನಿ, ಓರಗಿತ್ತಿ ಅಂತ ಬರೆಯುತ್ತಾಳೆ. ‘ಬೀಗಿತ್ತಿಗೆ ಏನು ಶಾರ್ಟ್ ಫಾರ್ಮ್?’ ಅಂತ ನಾನು ಒಮ್ಮೆ ಕೇಳಿದೆ. ಹುಡುಕಿ ನೋಡಿ, ತನಗಂತೂ ಸಿಗಲಿಲ್ಲ ಅಂದಳು. ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿ ಇದೆ.

ಹೋದ ತಿಂಗಳು ಬೀಗಿತ್ತಿಯೇ ಫೋನ್ ಮಾಡಿದ್ದರು. ಅವರ ದೊಡ್ಡ ಸೊಸೆಯೂ ಈಗ ಬಸುರಿ, ಅವಳೂ ಹೀಗೇ ಅಕ್ಷರಗಳಲ್ಲಿ ಬರೆಯುತ್ತಾಳಂತೆ. ‘ಆ ನಿನ್ ಪಟ್ಟಿ ನಂಗೂ ಒಂದು ಬರ್ಕೊಡಮ್ಮ, ದೊಡ್ಡ ಅಕ್ಷರದಲ್ಲಿ’ ಅಂದರು. ಡ್ರಾಯಿಂಗ್ ಶೀಟ್ ತಂದು ಸ್ಕೆಚ್ ಪೆನ್ನಿನಲ್ಲಿ ಬರೆದು ಕಳಿಸಿದೆ. ಅಡುಗೆಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡಿದ್ದಾರೆ.