ಅಂಟಿಲ್ಲದೆ ಮಳೆಗಾಲ ದಾಟಿದ ಕೈಗುರುತು

ಗೋಡೆಗೆ ಕೈಯಿಟ್ಟು ಸುತ್ತ ಕೆಮ್ಮಣ್ಣು ಊದಿ ಮೂಡಿಸುವ ಗುಹೆಕಾಲದ ಕೈಗುರುತು ಕುಮಟಾ ಮಳೆಗೆ ನಿಲ್ಲುವುದಿಲ್ಲ, ಅಂಟು ಬೇಕೇ ಬೇಕು ಎಂದವರೇ ಹೆಚ್ಚು. ಹಿತ್ತಲ ಗೋಡೆಗೆ ಇರಸಲು ಹೊಡೆದೂ ನನ್ನದು ಹಾಗೇ ಇದೆ. ಅಂಟು ಒಂದು ಹನಿಯೂ ಹಾಕಿಲ್ಲ.

ಅಂಟು ಹಾಕಿದವೇ ಹಾಳಾದವು. ಮರಕ್ಕೆ ಹಾಕುವ ಬಿಳಿ ಅಂಟು ಬೆರೆಸಿದ್ದು ಗೋಡೆಯ ತೇವಕ್ಕೆ ಹಕ್ಕಳೆಯಾಗಿ ಎದ್ದಿತು. ಬೆಲ್ಲದ ನೀರಿಗೆ ಇರುವೆ, ಆಮೇಲೆ ಕಪ್ಪು ಬೂಷ್ಟು. ಗೋಂದು ಮೊದಲ ಮಳೆಗೇ ಇಳಿಯಿತು. ಇವಕ್ಕೇ ಎರಡು ಸಾವಿರದ ಹತ್ತಿರ ಹೋಗಿದೆ. ಗೆದ್ದ ಗೋಡೆಗೆ ತಗುಲಿದ್ದು ಬಳಚಿನ ಚಿಪ್ಪುಸುಣ್ಣಕ್ಕೆ ಸುಮಾರು 600 ರೂಪಾಯಿ, ಮರಳಿನ ದುಡ್ಡು ಬೇರೆ. ಕೆಮ್ಮಣ್ಣು ಪುಕ್ಕಟೆ.

ಸುಣ್ಣಕಲ್ಲಿನ ಗುಹೆಗಳಲ್ಲಿ ಜಿನುಗುವ ನೀರು ಬಣ್ಣದ ಮೇಲೆ ಸುಣ್ಣದ ತೆಳುಪದರ ಕಟ್ಟುತ್ತದೆ. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಒಂದು ಕೈಗುರುತಿಗೆ ಕನಿಷ್ಠ 39,900 ವರ್ಷ ಎಂದು ಲೆಕ್ಕ ಹಾಕಿದ್ದು ಅಂಥ ಪದರದಿಂದಲೇ. ಬಣ್ಣ ಹಿಡಿದಿಡುವ ಆ ಪದರದ ಕೆಲಸವನ್ನು ಹಸಿ ಸುಣ್ಣದ ಗಾರೆಯಿಂದ ಮಾಡಿಸಬಹುದು. ನಮ್ಮ ಕರಾವಳಿ ದೇವಸ್ಥಾನಗಳ ಕಾವಿ ಕೆಲಸ, ಅಂದರೆ ಗಾರೆಯ ಮೇಲಿನ ಕೆಮ್ಮಣ್ಣಿನ ಚಿತ್ರ, ನಿಂತಿರುವುದೂ ಸುಣ್ಣದ ಬಲದಲ್ಲಿ.

ಸುಣ್ಣ ಅರಳಿಸಿ ತಿಂಗಳಾದರೂ ನೀರಿನಡಿ ಇಡಿ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು, ಕೊನೆಯ ಪದರ ಕಾಲಿಂಚು. ಹೆಬ್ಬೆರಳು ಒತ್ತಿದರೆ ಕುಳಿ ಬೀಳಬಾರದು, ಆದರೆ ತಂಪು ಹತ್ತಬೇಕು. ಊದುವ ಹೊತ್ತು ಅದೇ. ಬೇಗ ಊದಿದರೆ ಬಣ್ಣ ಬೆರಳಿನಡಿ ಹರಿಯುತ್ತದೆ, ತಡವಾದರೆ ಪುಡಿಯಾಗಿ ಉದುರುತ್ತದೆ. ಊದಿದ ಮೇಲೆ ಒಂದು ವಾರ ಎದುರಿಗೆ ಒದ್ದೆ ಗೋಣಿತಾಟು ತೂಗುಹಾಕಿ, ಗೋಡೆಗೆ ತಾಗದ ಹಾಗೆ. ಬಿಸಿಲು ಬಿದ್ದರೆ ಕೆಲಸ ಕೆಟ್ಟಿತು. ಹಸಿ ಸುಣ್ಣ ಚರ್ಮ ಸುಡುತ್ತದೆ; ಕೈ ತೆಗೆದ ಕೂಡಲೇ ತೊಳೆಯಿರಿ, ಕಣ್ಣಿಗೆ ಕನ್ನಡಕ ಇರಲಿ.

ಕೆಮ್ಮಣ್ಣು ಅರೆದು ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನು ಮಾತ್ರ ಬಗ್ಗಿಸಿಕೊಳ್ಳಿ. ಆ ಕೆಂಪು ನೀರಿನ ತಳಕ್ಕಿಳಿದ ಗಸಿಯನ್ನು ಒಣಗಿಸಿ, ಒಂದು ಚಮಚಕ್ಕೆ ಮೂರು ಚಮಚ ನೀರು. ಹಳದಿ ಮಣ್ಣು ಸಿಕ್ಕರೂ ಬಿಡಬೇಡಿ, ಕಬ್ಬಿಣದ ಬಾಣಲೆಯಲ್ಲಿ ಹುರಿದರೆ ಕೆಂಪಾಗುತ್ತದೆ. ನನ್ನ ಗೋಡೆಯಲ್ಲಿ ಒಳ್ಳೆಯ ಕೆಂಪು ಬಂದಿದ್ದು ಅದರಿಂದಲೇ.

ಬಾಯಿಂದ ಊದುವುದು ಕವಳ ಉಗಿದ ಹಾಗಲ್ಲ. ತುಟಿ ಬಿಗಿಹಿಡಿದು ಸಣ್ಣ ಸಣ್ಣ ತುಂತುರು, ಗೋಡೆಯಿಂದ ಗೇಣಿಗಿಂತ ಕಡಿಮೆ ದೂರ, ನೇರವಾಗಿ. ಓರೆಯಾದರೆ ಒಂದು ಅಂಚು ಮಸುಕು. ಫ್ರಾನ್ಸಿನ ಗುಹಾಚಿತ್ರ ತಜ್ಞ ಮಿಶೆಲ್ ಲೊರ್ಬ್ಲಾಂಶೆ 1990ರಲ್ಲಿ ಇದ್ದಿಲು ಅಗಿದು ಊದಿಯೇ ಪೆಶ್ ಮೆರ್ಲ್ ಗುಹೆಯ ಚುಕ್ಕಿ ಕುದುರೆಗಳ ನಕಲು ಬರೆದರು. ಕಪ್ಪಿಗೆ ಇದ್ದಿಲೇ ಇರಲಿ. ಜೋಯಿಡಾ ಕಡೆಯ ಮ್ಯಾಂಗನೀಸ್ ಬಾಯಿಗೆ ಹಾಕಬೇಡಿ, ವಿಷ.

ಕೊಳವೆಯಾದರೆ ವಾಟೆಬಿದಿರಿನದು ಎರಡು: ಬಣ್ಣದಲ್ಲಿ ನಿಂತದ್ದು ಒಂದು, ಅದರ ಬಾಯಿಗೆ ಅಡ್ಡವಾಗಿ ಊದುವುದು ಒಂದು. ನಿಂತದ್ದು ನಾಲ್ಕಿಂಚಿಗಿಂತ ಉದ್ದವಾದರೆ ಬಣ್ಣ ಮೇಲೇರದು. ತುದಿ ಕೊರೆಯುವ ಓರೆ ಮಾತ್ರ ನನ್ನಲ್ಲೇ ಇರಲಿ.

ಗುರುತಿನ ವಿಷಯ. ಫ್ರಾನ್ಸಿನದೇ ಗಾರ್ಗಾಸ್ ಗುಹೆಯ ಹಲವು ಕೈಗಳಲ್ಲಿ ಬೆರಳ ಗೆಣ್ಣುಗಳೇ ಕಾಣೆ. ಕತ್ತರಿಸಿದ್ದೋ ಮಡಚಿದ್ದೋ ಎಂಬ ಜಗಳ ಹಳೆಯದು. ಅಂಗೈಯನ್ನು ಗೋಡೆಗಿಟ್ಟು ಬೆರಳು ಮಡಚಿದರೆ ಗೆಣ್ಣು ಎದ್ದು, ಸಂದಿಗೆ ಬಣ್ಣ ನುಗ್ಗಿ ಅಂಚು ಕೆಡುತ್ತದೆ. ಹಿಂಗೈ ಗೋಡೆಗಿಟ್ಟು ಮುಂದಕ್ಕೆ ಮಡಚಿ, ಮೊಂಡು ಬೆರಳು ಚೊಕ್ಕವಾಗಿ ಬರುತ್ತದೆ. ಯಾವ ಬೆರಳು ಮಡಚಿದ್ದೀರೋ ಅದೇ ನಿಮ್ಮ ಸಹಿ. ನನ್ನದು ಉಂಗುರದ ಬೆರಳು, ಎಡಗೈ. ಬಲಗೈಗೆ ಕೊಳವೆ ಬೇಕಲ್ಲ.