ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್‌ಗೆ ಹೊಸ ಕೆಲಸ

ಅಟ್ಟದ ಮೇಲೆ ಸತ್ತ ಕಂಪ್ಯೂಟರ್ ಒಂದು ಬಿದ್ದಿದೆಯಾ? ಗುಜರಿಯವನಿಗೆ ಕೊಡುವ ಮುಂಚೆ ಅದರ ಹಿಂಬದಿ ನೋಡಿ. ಪವರ್ ಕೇಬಲ್ ಸಿಕ್ಕಿಸುತ್ತಿದ್ದ ಜಾಗದಲ್ಲಿ, ಒಳಗೆ ಫ್ಯಾನ್ ಇರುವ ತಗಡಿನ ಡಬ್ಬ ಇದೆಯಲ್ಲ, ಅದೇ ಎಸ್‌ಎಂಪಿಎಸ್. ಮದರ್‌ಬೋರ್ಡ್ ಹೋದರೂ ಬಹಳ ಸಲ ಇದು ಗಟ್ಟಿಮುಟ್ಟಾಗಿಯೇ ಇರುತ್ತದೆ. ಗೋಡೆಯಿಂದ 230 ವೋಲ್ಟ್ ತಗೊಂಡು 12, 5 ಮತ್ತು 3.3 ವೋಲ್ಟ್ ಡಿಸಿ ಕೊಡುವುದು ಇದರ ಕೆಲಸ. ಎಲ್‌ಇಡಿ ಪಟ್ಟಿ ಉರಿಸಲು, ಮಕ್ಕಳ ಆರ್ಡುಯಿನೋ (ಎಲೆಕ್ಟ್ರಾನಿಕ್ಸ್ ಕಲಿಯುವ ಪುಟ್ಟ ಬೋರ್ಡ್) ಪ್ರಯೋಗಕ್ಕೆ, ಸಣ್ಣಪುಟ್ಟ ಮೋಟರ್ ತಿರುಗಿಸಲು ಬೇರೆ ಅಡಾಪ್ಟರ್ ಯಾಕೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬ ಬಿಚ್ಚಬೇಡಿ. ಡಬ್ಬ ಬಿಚ್ಚಿ, ತೂತು ಕೊರೆದು, ಟರ್ಮಿನಲ್ ಕೂರಿಸುವ ವಿಡಿಯೋಗಳು ಬೇಕಾದಷ್ಟಿವೆ, ನೋಡಲೂ ಚೆಂದ, ಆದರೆ ಒಳಗಿನ ಕೆಪಾಸಿಟರ್‌ಗಳು ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಳ್ಳುತ್ತವೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಬಿಡುವುದಿಲ್ಲ. ನಮಗೆ ಬೇಕಾದ್ದೆಲ್ಲ ತಂತಿಯಲ್ಲೇ ಹೊರಗೆ ಬಂದಿದೆ. ಸುಮ್ನೆ ಯಾಕೆ ಕೈ ಹಾಕಬೇಕು?

ಬೇಕಾಗುವ ಸಾಮಾನು ಕಡಿಮೆ. ಒಂದು ಮಲ್ಟಿಮೀಟರ್, 10 ಓಮ್ 10 ವ್ಯಾಟಿನ ರೆಸಿಸ್ಟರ್, ಫ್ಯೂಸ್ ಮತ್ತು ಅದರ ಹೋಲ್ಡರ್, ಸ್ಕ್ರೂ ಹಾಕುವ ಕನೆಕ್ಟರ್ ಪಟ್ಟಿ, ಒಂದು ಸ್ವಿಚ್. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಒಂದು ಸುತ್ತು ಹೋಗಿ ಬಂದರೆ ಎಲ್ಲ ಸಿಗುತ್ತದೆ.

ಈಗ ತಂತಿಗಳ ಬಣ್ಣ. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್, ಅಂದರೆ ಎಲ್ಲದಕ್ಕೂ ಮೈನಸ್. ನೇರಳೆಯಲ್ಲಿ ಪ್ಲಗ್ ಹಾಕಿದ ಕೂಡಲೇ 5 ವೋಲ್ಟ್ ಬರುತ್ತದೆ. ಹಸಿರು ತಂತಿ ಒಂದೇ ಒಂದು ಇರುತ್ತದೆ, ಇಡೀ ಆಟ ಅದರದ್ದೇ. ಅದನ್ನು ಕಪ್ಪಿಗೆ ಮುಟ್ಟಿಸಿದರೆ ಎಸ್‌ಎಂಪಿಎಸ್ ಆನ್, ಬಿಟ್ಟರೆ ಆಫ್. ಕಂಪ್ಯೂಟರಿನ ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ಮಾಡುತ್ತಿದ್ದದ್ದೂ ಇಷ್ಟೇ.

ಪ್ಲಗ್ ಹಾಕದೆ, ದೊಡ್ಡ 24 ಪಿನ್ನಿನ ಕನೆಕ್ಟರಿನಲ್ಲಿ (ಹಳೆಯದಾದರೆ 20 ಪಿನ್) ಹಸಿರು ಮತ್ತು ಪಕ್ಕದ ಕಪ್ಪು ತಂತಿಯ ತೂತಿಗೆ ಒಂದು ತಂತಿಯ ತುಂಡನ್ನು ಸಿಕ್ಕಿಸಿ. ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಫ್ಯಾನ್ ತಿರುಗಿತಾ? ಜೀವ ಇದೆ. ಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗಿಟ್ಟು ಒಂದೊಂದೇ ಬಣ್ಣ ಅಳೆದು ನೋಡಿ. ಕೆಲವು ಕಂಪನಿಗಳ ರೆಡಿಮೇಡ್ ಕಂಪ್ಯೂಟರಿನಲ್ಲಿ ಬಣ್ಣ, ಪಿನ್ನು ಎರಡೂ ಬೇರೆ ಇರುತ್ತವೆ, ಹಾಗಾಗಿ ಬಣ್ಣಕ್ಕಿಂತ ಮೀಟರನ್ನೇ ಜಾಸ್ತಿ ನಂಬಿ.

ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಕೆಟ್ಟಿದೆ ಅಂತ ಎಸೆಯಬೇಡಿ. ಹಳೇ ಎಸ್‌ಎಂಪಿಎಸ್‌ಗಳಿಗೆ 5 ವೋಲ್ಟಿನ ಲೈನಿನಲ್ಲಿ ಸ್ವಲ್ಪವಾದರೂ ಲೋಡ್, ಅಂದರೆ ಕರೆಂಟ್ ಎಳೆಯುವಂಥದ್ದು ಏನಾದರೂ, ಇರಬೇಕು. ಆ 10 ಓಮ್ ರೆಸಿಸ್ಟರ್ ಇರುವುದು ಇದಕ್ಕೇ. ಕೆಂಪು ಮತ್ತು ಕಪ್ಪು ತಂತಿಯ ನಡುವೆ ಹಾಕಿದರೆ ಅರ್ಧ ಆಂಪಿಯರ್ ಎಳೆಯುತ್ತದೆ. ಅಂದರೆ ಎರಡೂವರೆ ವ್ಯಾಟ್, ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಪ್ಲಾಸ್ಟಿಕ್ಕಿಗೆ ತಾಗದ ಹಾಗೆ ಡಬ್ಬದ ತಗಡಿನ ಮೇಲೆ ಕಟ್ಟಿ.

ಪ್ಲಗ್ ಕಿತ್ತು, ಕನೆಕ್ಟರ್ ಕತ್ತರಿಸಿ. ಹಸಿರು ಮತ್ತು ಒಂದು ಕಪ್ಪನ್ನು ಸ್ವಿಚ್ಚಿಗೆ ಕೊಡಿ. ಒಂದು ಕಂದು ತಂತಿ ಕಂಡರೆ ಅದನ್ನು ಕಿತ್ತಳೆ ಜೊತೆ ಸೇರಿಸಲೇಬೇಕು, ಇಲ್ಲದಿದ್ದರೆ ಡಬ್ಬ ಹಟ ಮಾಡುತ್ತದೆ. ಎರಡು ಮೂರು ಹಳದಿ ತಂತಿ ಒಟ್ಟುಮಾಡಿ ಕನೆಕ್ಟರಿಗೆ ಹಾಕಿ, ಅಷ್ಟೇ ಕಪ್ಪು ತಂತಿಗಳನ್ನೂ ಹಾಗೇ ಮಾಡಿ. ಕಪ್ಪು ಗೆರೆಯ ಹಳದಿ ಬೇರೆ ಲೈನು, ಅದನ್ನು ಜೊತೆಗೆ ಸೇರಿಸಬೇಡಿ. ಉಳಿದ ತಂತಿಗಳ ತುದಿಗೆ ಒಂದೊಂದಕ್ಕೂ ಬೇರೆ ಬೇರೆಯಾಗಿ ಟೇಪ್ ಸುತ್ತಿ.

ಹಳದಿ ಲೈನಿನಲ್ಲಿ ಫ್ಯೂಸ್ ಹಾಕುವುದನ್ನು ಬಿಡಬೇಡಿ. ನಾನು ಬಿಟ್ಟಿದ್ದೆ. 12 ವೋಲ್ಟ್ ಏನು ಮಾಡುತ್ತೆ ಅಂತ ಕಾಲಿಂಗ್ ಬೆಲ್ಲಿನ ತೆಳು ತಂತಿಯಲ್ಲಿ ಅಡುಗೆಮನೆ ಶೆಲ್ಫಿನ ಕೆಳಗೆ ಎಲ್‌ಇಡಿ ಪಟ್ಟಿ ಎಳೆದೆ. ಒಂದು ದಿನ ಶೆಲ್ಫಿನ ಮೊಳೆ ತಂತಿಗೆ ಚುಚ್ಚಿ ಶಾರ್ಟ್ ಆಯಿತು. ಎಸ್‌ಎಂಪಿಎಸ್ ತಾನೇ ಆಫ್ ಆಗಬೇಕಿತ್ತಲ್ವಾ? ಆಗಲಿಲ್ಲ. ತಂತಿ ಅಷ್ಟು ತೆಳು ಇದ್ದದ್ದರಿಂದ ಅದನ್ನು ಶಾರ್ಟ್ ಅಂತ ಅದು ಗುರುತಿಸಲೇ ಇಲ್ಲ, ಯಾವುದೋ ದೊಡ್ಡ ಲೋಡ್ ಅಂದುಕೊಂಡು ಕರೆಂಟ್ ಕೊಡುತ್ತಲೇ ಹೋಯಿತು. ಒಗ್ಗರಣೆ ಸೀದಿದೆ ಅಂತ ಬಾಣಲೆ ನೋಡಿದರೆ, ಮೇಲೆ ತಂತಿಯ ಪ್ಲಾಸ್ಟಿಕ್ ಕರಗಿ ಹನಿಯುತ್ತಿತ್ತು. ಈಗ ಅದೇ ಪಟ್ಟಿಗೆ 3 ಆಂಪಿಯರ್ ಫ್ಯೂಸ್, ದಪ್ಪ ತಂತಿ.

ಡಬ್ಬದ ಮೇಲಿನ ಸ್ಟಿಕ್ಕರಿನಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಹಳೇ ಡಬ್ಬವಾದರೆ ಅದರ ಅರ್ಧದಷ್ಟು ಬಳಸಿ, ಸಾಕು. ಕಾರಿನ ಬ್ಯಾಟರಿ ಚಾರ್ಜ್ ಮಾಡಲು ಮಾತ್ರ ಹೋಗಬೇಡಿ, ಅದಕ್ಕೆ 14 ವೋಲ್ಟಿನ ಹತ್ತಿರ ಬೇಕು, ಇದು ಅಷ್ಟು ಕೊಡುವುದಿಲ್ಲ.

ಕೊನೆಗೆ ಆ ನೇರಳೆ ತಂತಿ. 330 ಓಮ್ ರೆಸಿಸ್ಟರ್ ಹಾಕಿ ಅದಕ್ಕೂ ಕಪ್ಪಿಗೂ ನಡುವೆ ಒಂದು ಪುಟ್ಟ ಕೆಂಪು ಎಲ್‌ಇಡಿ ಕೂರಿಸಿ. ಸ್ವಿಚ್ ಆಫ್ ಇದ್ದರೂ ಅದು ಉರಿಯುತ್ತಿದ್ದರೆ ಗೋಡೆಯಿಂದ ಕರೆಂಟ್ ಇನ್ನೂ ಬರುತ್ತಿದೆ ಅಂತ ಅರ್ಥ, ತಂತಿ ಬಿಚ್ಚಲು ಕೂರುವ ಮುಂಚೆ ಪ್ಲಗ್ ಕೀಳಿ.